ಕೂದಲೆಳೆಯಷ್ಟು

ಮಗ್ಗದ ಹಲಗೆ ಸೊಟ್ಟಗಾಗಿತ್ತು.
ಲಾಳಿ ಅರ್ಧ ದಾರಿಗೆ ಬಂದು ಎಗರಿ
ಕುಣಿಯೊಳಗೆ, ನನ್ನ ಕಾಲ ಮೇಲೆ.
ಖಣದ ಅಂಚಿನಲ್ಲಿ ದಿನಕ್ಕೆ ಹತ್ತು ಎಳೆ ಕಡಿತ.
ನಮ್ಮ ಗುಳೇದಗುಡ್ಡದ ಓಣಿಯಲ್ಲಿ
ಇಂಥದ್ದಕ್ಕೆ ಉಳಿದವನೊಬ್ಬನೇ, ಮಾನಪ್ಪ ಬಡಿಗೇರ;
ಅವನ ಕಣ್ಣಿಗೆ ಬಾಗಲಕೋಟೆಯಲ್ಲಿ ಪೊರೆ ತೆಗೆದು
ಹಸಿರು ಪಟ್ಟಿ ಕಟ್ಟಿ ಕಳಿಸಿದ್ದರು:
ನಲವತ್ತು ದಿನ ಬಗ್ಗಬಾರದು, ಧೂಳು ಕೂಡದು.

"ಹಲಗಿ ನಿಂದು, ರಂದಾ ನಂದು,
ಕೈ ಯಾರ್ದಾರ ಆಗಲಿ, ಒಳಗ ಹೋಗು ಸಾವಂತ್ರೆವ್ವ"
ಎಂದು ಹೊರಗಿನ ಕಟ್ಟೆಯ ಮೇಲೆ
ಗೋಡೆಗೆ ಬೆನ್ನು ಕೊಟ್ಟು ಕೂತ.

ಮೊದಲ ದಿನ ಕಟ್ಟಿಗೆ ಮುಟ್ಟಗೊಡಲಿಲ್ಲ.
ಬಾದಾಮಿ ಕಡೆಯ ಕೆಂಪು ಕಲ್ಲು, ಮಟ್ಟಸ ಮೈಯದು,
ಅದರ ಮೇಲೆ ರಂದಾದ ಅಡಿ ತಿಕ್ಕು ಎಂದ.
ಜಾಲಿಯ ಅಡಿ. ಅದಕ್ಕೆ ಸೀಸಕಡ್ಡಿಯ ಗೀಟು ಎಳೆಸಿದ.
ಗೀಟು ಅಳಿದಲ್ಲಿ ಉಬ್ಬು, ಉಳಿದಲ್ಲಿ ತಗ್ಗು.
ಬಾಯಿಯ ಮುಂದಿನದೊಂದು ಸಂಜೆಯವರೆಗೂ ಹಟ ಹಿಡಿದಿತ್ತು.
"ತಾನ ಸೊಟ್ಟ ಇದ್ದದ್ದು ಇನ್ನೊಂದನ್ನ ನೆಟ್ಟಗ ಮಾಡಾಂಗಿಲ್ಲ"
ಅಂದವನು, ದೊಡ್ಡ ಮಾತಾಯಿತೆಂದು ನಾಚಿ
ಎಲೆಅಡಿಕೆ ಕೇಳಿದ.

ಮಸೆಯುವುದು ಎರಡನೇ ದಿನ.
ಸಾಣೆಕಲ್ಲಿಗೆ ಕುಸುಬಿ ಎಣ್ಣೆ ನಾಲ್ಕು ಹನಿ.
ಅಲಗಿನ ಓರೆ ಕಲ್ಲಿಗೆ ಪೂರ್ತಿ ಅಂಟಿದಾಗ
ಬೆರಳಿಗೆ ತಿಳಿಯುತ್ತದೆ, ಸಿಂಬಿಯ ಮೇಲೆ ಕೊಡ ಕೂತ ಹಾಗೆ.
ತೂಗಾಡಿಸಿದೆಯೋ, ಓರೆ ದುಂಡಗಾಯಿತು; ಮತ್ತೆ ಮೊದಲಿನಿಂದ.
ನಾನು ಮೂರು ಸಲ ದುಂಡಗೆ ಮಾಡಿದೆ.
ಕೊನೆಗೆ ಬೆನ್ನ ಕಡೆ ಹೆಬ್ಬೆರಳು ಸವರಿದರೆ
ತಂತಿಯಂಥ ಸಣ್ಣ ತೊಡಕು.
ಕಲ್ಲು ಆಚೆ ದಂಡೆ ಮುಟ್ಟಿತು ಅಂತ ಅರ್ಥ.
ಬೆನ್ನು ಚಪ್ಪಟೆ ಇಟ್ಟು ಒಂದೇ ಎಳೆತ, ತಂತಿ ಹೋಯಿತು.
ಮುಂಗೈ ಕೂದಲು ಸದ್ದಿಲ್ಲದೆ ಉದುರಿತು.
ಅತ್ತೆ ನೋಡಿ, "ಕ್ಷೌರದಂಗಡಿ ಇಡಾಕೇನು?" ಎಂದಳು.

ಬೆಣೆ ಬಡಿದು, ರಂದಾ ಬೋರಲು ಹಿಡಿದು
ಅಡಿಯುದ್ದಕ್ಕೂ ಕಣ್ಣು ಹಾಯಿಸಬೇಕು, ಬಾಗಿಲ ಬೆಳಕಿನತ್ತ.
ಅಲಗು ಕಾಣಬೇಕು, ಕಂಡೂ ಕಾಣದಂತೆ,
ಕರಿ ಕೂದಲೆಳೆ ಒಂದು ಅಡ್ಡ ಬಿದ್ದಷ್ಟು.
ತಲೆಗೆ ಬಡಿದರೆ ಇಳಿಯುತ್ತದೆ,
ರಂದಾದ ಹಿಮ್ಮಡಿಗೆ ಬಡಿದರೆ ಹಿಂದೆ ಸರಿಯುತ್ತದೆ.
"ಕಂಡೈತೇನು?" ಹೊರಗಿಂದ.
"ಎಡಕ್ಕೆ ದಪ್ಪ."
"ತಲಿಗೆ ಎಡಮಗ್ಗಲಿಂದ ಕುಟ್ಟು. ಗುಬ್ಬಿ ಕುಕ್ಕಿದಾಂಗ."

ಹಲಗೆಗೆ ಹಚ್ಚಿದೆ. ಮೊದಲು ಬರೀ ಹಿಟ್ಟು.
ಆಮೇಲೆ ಗಕ್ಕನೆ ನಿಂತು, ಕಟ್ಟಿಗೆ ಹರಿದು ಚಕ್ಕೆ ಎದ್ದಿತು.
"ಎದುರ ನಾರು. ತಿರುವು." ಸದ್ದಿಗೇ ಹೇಳಿದ.
ಆಗ ಹಲಗೆಯ ಮಗ್ಗುಲು ನೋಡಿದೆ:
ಹಾಸಷ್ಟೇ ಇದೆ, ಹೊಕ್ಕೇ ಇಲ್ಲ.
ಎಷ್ಟೋ ಮಳೆಗಾಲ ಹಾಸಿಟ್ಟ ಎಳೆಗಳು
ಒಂದೇ ಕಡೆ ಏರುತ್ತ ಹೋಗಿ ಮೈಮೇಲೆ ಬಂದು ಮುಗಿಯುತ್ತವೆ.
ಅವು ಏರುವತ್ತಲೇ ಹೋಗಬೇಕು.
ಯಾರೂ ಹೇಳದೆ ನನಗೆ ಗೊತ್ತಾದದ್ದು ಇದೊಂದೇ.

ಶುರುವಿಗೆ ಭಾರ ಮುಂದಿನ ಕೈಗೆ, ಮುಗಿಯುವಾಗ ಹಿಂದಿನದಕ್ಕೆ,
ನಡುವೆ ಯಾವಾಗ ದಾಟಿತೆಂದು ಕೈಗೂ ತಿಳಿಯಕೂಡದು.
ಹನ್ನೊಂದನೇ ಸಲವೋ ಹನ್ನೆರಡೋ,
ಕರಕರ ಹೋಗಿ ಸುಯ್ ಎಂದಿತು,
ಬಾಯಿಂದ ಸುರುಳಿ ಎದ್ದಿತು, ಹಲಗೆಯುದ್ದಕ್ಕೂ ಕಡಿಯದೆ,
ಬೆಳಕಿಗೆ ಹಿಡಿದರೆ ಆಚೆ ಅತ್ತೆಯ ಮೂಗುತಿ ಕಾಣುವಷ್ಟು ತೆಳು.

ಹೊರಗೆ ಅವನು ಏನೂ ಅನ್ನಲಿಲ್ಲ.
ಒಯ್ದು ಕೈಗಿತ್ತೆ. ಎರಡು ಬೆರಳಲ್ಲಿ ಸವರಿ
ಮೂಸಿ, ಬೀಡಿಯ ಹಾಗೆ ಕಿವಿಗೆ ಸಿಕ್ಕಿಸಿಕೊಂಡ.

ಸಂಜೆ ಹಲಗೆ ಕೂರಿಸಿ ಲಾಳಿ ಒಗೆದೆ.
ಹೋಯಿತು, ಬಂತು. ಹೋಯಿತು, ಬಂತು.
ಕಾಲ ಮೇಲೆ ಬೀಳಲಿಲ್ಲ.
"ಬಲಗಡಿಂದ ಮೂರನೇ ಗೇಣು," ಗೋಡೆಯಾಚೆಯಿಂದ,
"ಅಲ್ಲೊಂಚೂರು ತೊದಲತೈತಿ, ಕೇಳಸ್ತೇನು?"
ನನಗೆ ಕೇಳಿಸಲಿಲ್ಲ.
ಆದರೂ ಹಲಗೆ ಬಿಚ್ಚಿದೆ,
ರಂದಾ ಬೋರಲು ಮಾಡಿ ಬಾಗಿಲಿಗೆ ಹಿಡಿದೆ.
ಬೆಳಕು ಇನ್ನೂ ಸ್ವಲ್ಪ ಇತ್ತು.