ಒಂದು ಮಾತ್ರೆ

ಭಾಗಮಂಡಲದಲ್ಲಿ ಕಡಂಬಳಿತ್ತಾಯರ ಅಂಗೈ
ನನ್ನ ನೆತ್ತಿಯ ಮೇಲಿರುತ್ತಿತ್ತು.
ಅನುದಾತ್ತಕ್ಕೆ ತಲೆ ತಗ್ಗಿಸುವುದು,
ಸ್ವರಿತಕ್ಕೆ ಗದ್ದ ಹಿಡಿದು ಎತ್ತುವುದು,
ಉದಾತ್ತಕ್ಕೆ ಸುಮ್ಮನೆ ಬಿಡುವುದು.
ಸುಮ್ಮನಿರುವುದೇ ನನಗೆ ಬಾರದ ಸ್ವರ.

"ಎಷ್ಟು ಎಳೀತಿ ಮಾರಾಯ, ಹಗ್ಗವಾ ಅದು?
ಹ್ರಸ್ವ ಅಂದ್ರೆ ನೀಲಕಂಠ ಹಕ್ಕಿ ಕೂಗಿದಷ್ಟೇ ಹೊತ್ತು.
ದೀರ್ಘಕ್ಕೆ ಕಾಗೆ. ಪ್ಲುತಕ್ಕೆ ನವಿಲು.
ಅರ್ಧ ಮಾತ್ರೆ ಬೇಕಿದ್ದರೆ ಮುಂಗುಸಿಯನ್ನು ಕೇಳು."

ಕಾಗೆಗೆ ಬರವಿರಲಿಲ್ಲ, ಸಂಗಮದಲ್ಲಿ ದಿನವೂ ಪಿಂಡ.
ಮುಂಗುಸಿ ಒಮ್ಮೆ ಹಿತ್ತಿಲು ದಾಟಿತು, ಏನೂ ಹೇಳಲಿಲ್ಲ.
ನವಿಲಿನ ಬದಲು ಮಡಿಕೇರಿ ಬಸ್ಸು
ತಿರುವಿನಲ್ಲಿ ಮೂರು ಮಾತ್ರೆ ಹಾರನ್ ಹೊಡೆಯುತ್ತಿತ್ತು;
"ಹಾಂ, ಅದೇ" ಎನ್ನುತ್ತಿದ್ದರು ಕಣ್ಣು ಮುಚ್ಚಿಯೇ.
ನೀಲಕಂಠ ಮಾತ್ರ ನಮ್ಮ ಮಳೆಗೆ ಒಗ್ಗುವ ಹಕ್ಕಿಯಲ್ಲ.
"ನೀವು ಕೇಳಿದ್ದೀರಾ?" ಎಂದೆ.
ಅಂಗೈ ನೆತ್ತಿಯ ಮೇಲೆ ಹಾಗೇ ನಿಂತಿತು.
"ನನ್ನ ಗುರುಗಳು ಕೇಳಿದ್ದರಂತೆ."

ಈಗ ನಾನು ಕುಶಾಲನಗರದಲ್ಲಿ ಲೈನ್‌ಮನ್.
ಇತ್ತ ಮಳೆ ಕಮ್ಮಿ. ಜೋಳದ ಹೊಲ, ಬಿಸಿಲಿಗೆ ಜೋತ ತಂತಿ.
'ಇಂದ್ರಶತ್ರು' ಎಂಬ ಒಂದೇ ಪದದಲ್ಲಿ ಸ್ವರ ಜಾರಿ
ಕೊಲ್ಲಬೇಕಾದವನೇ ಸತ್ತ ಕಥೆಯನ್ನು
ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ:
ಫೀಡರಿನ ಹೆಸರು ತಪ್ಪು ಕೇಳಿಸಿ ಕಂಬ ಹತ್ತಿದ
ಬೆಳ್ಯಪ್ಪನ ಎಡಗೈಯಲ್ಲಿ ಎರಡೇ ಬೆರಳು.

ಕೂಡಿಗೆಯ ಹತ್ತಿರ, ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದು ನಿಂತಾಗ
ತಂತಿಯ ಮೇಲೆ ಕೂತಿತ್ತು. ಮಣ್ಣಿನ ಬಣ್ಣ.
ಹಾರುವ ತನಕ ನೀಲಿಯನ್ನು ಮಡಚಿಟ್ಟುಕೊಳ್ಳುವ ಹಕ್ಕಿ.
ನಾನು ಅದಕ್ಕೆ ಕಾದೆ,
ಮೂರು ಬೀದಿಯವರು ಕರೆಂಟಿಗೆ ಕಾದರು.
ಫೋನಿನ ಮೇಲೆ ಫೋನು. ರೈಸ್ ಮಿಲ್ಲಿನವನು ಬೈದ.
ಇಪ್ಪತ್ತು ನಿಮಿಷದ ಮೇಲೆ
ಕೂಗಿತು.
ತುಕ್ಕು ಹಿಡಿದ ತಿರುಪು ಬಿಚ್ಚಿದ ಹಾಗೆ, ಒರಟು;
ಇದನ್ನಾ ನಮ್ಮ ಹಿರಿಯರು ಅಳತೆಗೆ ಆರಿಸಿಕೊಂಡದ್ದು?
ಆಮೇಲೆ ರೆಕ್ಕೆ ಬಿಚ್ಚಿ
ನೀಲಿಯಾಗಿ ಹೋಯಿತು.

ಕಂಬದ ಬುಡದಲ್ಲಿ 'ಅ' ಎಂದೆ, ಅಷ್ಟೇ ಉದ್ದ,
ತಲೆ ಅಲ್ಲಾಡಿಸದೆ.
ಫ್ಯೂಸ್ ಹಾಕಿದೆ.

ಸಂಜೆ ಫೋನು ಮಾಡಿದರೆ ಮಗಳು ಎತ್ತಿದಳು:
ಅಪ್ಪ ಈಗಷ್ಟೇ ಮಾತ್ರೆ ನುಂಗಿ ಮಲಗಿದ್ದಾರೆ,
ಎದ್ದ ಮೇಲೆ ಏನಾದರೂ ಹೇಳಬೇಕಾ?
ಏನಿಲ್ಲ, ಎಂದೆ.
ಇಡುವ ಮೊದಲು ತಡೆಯಲಾರದೆ ಹೇಳಿದೆ:
ಬಹಳ ಗಿಡ್ಡ ಅಂತ ಹೇಳಮ್ಮ, ಅವರಿಗೆ ಗೊತ್ತಾಗುತ್ತೆ.
ನಾವು ಎಳೆಯುತ್ತಿದ್ದೆವು. ಇಬ್ಬರೂ.