ಹಲಗೆಯ ಮೇಲೆ ಮೂವತ್ತು ದಿನ

ಅಂಟು ಕಾಯಿಸೋದು ನನ್ನ ಕೆಲಸ.
ಒಂದು ಪಾವು ಮೈದಾ, ಎರಡು ಚೊಂಬು ನೀರು,
ಹುಳ ಮುಟ್ಟದಿರಲಿ ಅಂತ ಚಿಟಿಕೆ ಮೈಲುತುತ್ತ.
ಲಷ್ಕರ್ ಮೊಹಲ್ಲಾದ ರಿಜಿಸ್ಟ್ರಾರ್ ಕಚೇರಿ ಹಲಗೆ ಮೇಲೆ
ಹರಾಜು, ಜಪ್ತಿ, ಕಂದಾಯದ ಬಾಕಿ,
ಯಾರದೋ ಮನೆ ಯಾರದೋ ಪಾಲಾದ ಸುದ್ದಿ
ಇಪ್ಪತ್ತು ವರ್ಷ ಅಂಟಿಸಿದೀನಿ,
ಗಂಡಭೇರುಂಡದ ಕಾಗದದಿಂದ ಹಿಡಿದು
ಸಿಂಹದ ಕಾಗದದ ತನಕ.
ಅಂಟು ಮಾತ್ರ ಅದೇ.

ಐವತ್ತಾರನೇ ಇಸವಿ, ಅವರೆಕಾಯಿ ಮುಗೀತಾ ಬಂದ ಕಾಲ,
ಸಾಹೇಬರು ಒಂದು ಹಾಳೆ ಕೊಟ್ಟರು:
ಚೆಲುವರಾಜು, ರೈಲ್ವೆ ವರ್ಕ್‌ಷಾಪಿನ ಫಿಟ್ಟರ್,
ವಯಸ್ಸು ಇಪ್ಪತ್ತೇಳು, ಅವಿವಾಹಿತ.
ಲೂರ್ದಮ್ಮ, ಗಂಧದೆಣ್ಣೆ ಕಾರ್ಖಾನೆಯಲ್ಲಿ ಸೀಸೆ ತೊಳೆಯೋಳು,
ವಯಸ್ಸು ಇಪ್ಪತ್ತೆರಡು, ಅವಿವಾಹಿತೆ.
ವಾಸಸ್ಥಳ. ಎಷ್ಟು ದಿನದಿಂದ ವಾಸ.
ಮುಗೀತು.

ಹಾಳೆ ತಿರುವಿ ನೋಡಿದೆ, ಹಿಂದುಗಡೆ ಇರಬಹುದು ಅಂತ.
ಖಾಲಿ.
ನನ್ನ ನೌಕರಿ ಪುಸ್ತಕದಲ್ಲಿ
ಜವರಯ್ಯ ಅನ್ನೋದಕ್ಕಿಂತ ದಪ್ಪಕ್ಷರದಲ್ಲಿ ಬರೆದ
ಆ ಇನ್ನೊಂದು ಮಾತು,
ಇಲ್ಲಿ ಬರೆಯೋಕೆ ಜಾಗವೇ ಬಿಟ್ಟಿರಲಿಲ್ಲ.

ಜನ ಬಂದರು.
ಬೆರಳಿಟ್ಟು ಓದಿದರು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ,
ಸಂತೇಲಿ ಎಲೆಯಡಿಕೆ ಚೀಲ ಕಳಕೊಂಡವರ ಹಾಗೆ.
"ಚೆಲುವರಾಜು ಅಂದರೆ ಯಾವ ಪೈಕಿ?"
"ಸರ್ಕಾರದ ಪೈಕಿ" ಅಂದೆ. ಬೈಸಿಕೊಂಡೆ.
ದೊಡ್ಡ ಚರ್ಚಿನ ಕಡೆಯಿಂದ ಇಬ್ಬರು ಹೆಂಗಸರು ಬಂದು
ಏನೂ ಓದದೆ
ಹಲಗೆ ಮುಂದೆ ಶಿಲುಬೆ ಹಾಕಿಕೊಂಡು ಹೋದರು.
ಹುಡುಗನ ಸೋದರಮಾವ ತಲಕಾಡಿಂದ ಬಂದ,
ಕಾಲಲ್ಲಿ ಇನ್ನೂ ಮರಳು.
"ತಕರಾರು ಬರ್ಕೊಳಿ ಸ್ವಾಮಿ."
ಸಾಹೇಬರು ಪುಸ್ತಕ ತೆಗೆದರು.
"ಅವನಿಗೆ ಬೇರೆ ಹೆಂಡತಿ ಇದಾಳಾ?"
"ಇಲ್ಲ."
"ವಯಸ್ಸು ಸಾಲದಾ?"
"ಸಾಲ್ದೇ ಏನು, ಮೀಸೆ ಬಂದದೆ."
"ಬುದ್ಧಿಭ್ರಮಣೆ?"
"ಇಲ್ದಿದ್ರೆ ಇಂಥಾ ಕೆಲಸಕ್ಕೆ ಇಳೀತಿದ್ನಾ?"
"ಅದಕ್ಕೆ ಡಾಕ್ಟರ ಚೀಟಿ ಬೇಕು" ಅಂದರು.
ಅವನು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ.
ನೀರು ಕೇಳಿದ. ಕೊಟ್ಟೆ.
ಕುಡಿದಾದ ಮೇಲೆ ನನ್ನ ಹೆಸರು ಕೇಳಿದ.

ಹತ್ತೊಂಬತ್ತನೇ ರಾತ್ರಿ
ಮಾರ್ಕೆಟ್ಟಿನ ಬಿಡಾಡಿ ಹಸು
ನೋಟೀಸು ನೆಕ್ಕಿ ತಿಂದುಬಿಟ್ಟಿತು.
ಅಂಟಲ್ಲಿ ಮೈಲುತುತ್ತ ಇರಲಿಲ್ಲ, ತರೋದು ಮರೆತಿದ್ದೆ.
ಬೆಳಿಗ್ಗೆ ನೋಡಿದರೆ ಹಲಗೆ ಒದ್ದೆ, ನಾಲ್ಕು ಮೊಳೆ,
ಕೆಳಗೆ ಸಗಣಿ.
ನೋಟೀಸು ಹೋದರೆ ಎಣಿಕೆ ಮೊದಲಿಂದ,
ಗುಮಾಸ್ತೆ ಶೇಷಗಿರಿರಾಯರು ಆವತ್ತೇ ಹೇಳಿದ್ದರು.
ಇನ್ನೂ ಮೂವತ್ತು ದಿನ. ಅಷ್ಟು ದಿನ
ಆ ಹುಡುಗಿಯನ್ನ ಯಾರು ಎಲ್ಲಿ ಬಚ್ಚಿಡ್ತಾರೋ!
ಒಂಬತ್ತೂವರೆಗೆ ಬೀಗ ತೆಗೆದೆ,
ಫೈಲಿಂದ ಕಾರ್ಬನ್ ಪ್ರತಿ ಎಳೆದು
ನಿನ್ನೆಯ ತಂಗಳಂಟಿನಲ್ಲಿ ಮೆತ್ತಿದೆ.
ನೀಲಿ ಅಕ್ಷರ, ಸ್ವಲ್ಪ ಮಸುಕು.
ಕಾನೂನು ನಡೀಲಿ ಅಂತ
ಕಾನೂನು ಮುರಿದೆ.
ಯಾರಿಗೂ ಹೇಳಿಲ್ಲ.

ಮದುವೆ ದಿನ ಓಲಗ ಇಲ್ಲ, ಪಾದ್ರಿ ಇಲ್ಲ.
ಗಟ್ಟಿಮೇಳ ಅಂದರೆ ಪಕ್ಕದ ಕೋಣೆಯ ಟೈಪ್ ಮಿಷನ್ನು.
ಹುಡುಗ "ಕಾನೂನುಬದ್ಧ" ಅನ್ನೋ ಹತ್ತಿರ ಎರಡು ಸಲ ಎಡವಿದ.
ಅವಳು ಎಡವಲಿಲ್ಲ.
ಅವಳ ಬೆರಳ ತುದಿ ಸೋಡಾಕಾರ ತಿಂದು ಬೆಳ್ಳಗಾಗಿತ್ತು,
ಪೆನ್ನು ಹಿಡಿದಾಗ ಗಂಧ ಬಂತು.
ಮೂವರು ಸಾಕ್ಷಿಗಳೂ ವರ್ಕ್‌ಷಾಪಿನವರು, ಕೈಯೆಲ್ಲ ಗ್ರೀಸು.
ಒಬ್ಬ ಬರದೇ ಇದ್ದರೆ
ನನ್ನನ್ನ ಕರೀತಾರೇನೋ ಅಂತ
ಷರಟಿನ ಗುಂಡಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ.
ಮೂವರೂ ಬಂದಿದ್ದರು.

ಬತ್ತಾಸು ಹಂಚಿದರು. ನಾನು ಅಲ್ಲೇ ತಿಂದೆ.
ಶೇಷಗಿರಿರಾಯರು "ಒಳ್ಳೇದಾಗಲಿ" ಅಂತ ಬಾಯ್ತುಂಬ ಹರಸಿ
ತಮ್ಮ ಪಾಲನ್ನ ಕಾಗದದಲ್ಲಿ ಸುತ್ತಿ
ಡ್ರಾಯರಿನಲ್ಲಿಟ್ಟರು.
ಯುಗಾದಿಗೆ ಅದನ್ನ ಇರುವೆ ಸಮೇತ ಗುಡಿಸಿದ್ದು ನಾನೇ.

ಆಮೇಲೆ ಹಲಗೆ ಕೆರೆಯೋಕೆ ಹೋದೆ.
ತಂಗಳಂಟು ಕಲ್ಲಾಗಿತ್ತು. ಬಹುಪಾಲು ಬಂತು,
ಬೆರಳಗಲದ ಒಂದು ಚೂರು ಬರಲೇ ಇಲ್ಲ.
ಅವಿವಾಹಿತೆ, ಅಂತ ನೀಲಿಯಲ್ಲಿ.
ಇನ್ನೊಂದು ಅಂಥಾ ನೋಟೀಸು ಬರೋಕೆ ಎರಡು ವರ್ಷ ಹಿಡೀತು.
ಅಲ್ಲೀತನಕ ಅದರ ಮೇಲೇ ಅಂಟಿಸಿದೆ:
ಹರಾಜು, ಜಪ್ತಿ, ಕಂದಾಯದ ಬಾಕಿ.