ಹೋಗಲು ಎರಡು, ಬರಲು ಐದು

ಕುಂಬಳೆ ಪೇಟೆಯಲ್ಲಿ, ಮೀನು ಮಾರ್ಕೆಟಿನ ಎದುರು
ನಮ್ಮ ಟ್ರಾವೆಲ್ಸು. ಬೋರ್ಡಿನಲ್ಲಿ ಮಲಯಾಳ ದೊಡ್ಡದು,
ಇಂಗ್ಲಿಷು ಅದಕ್ಕಿಂತ ದೊಡ್ಡದು, ಕನ್ನಡ
ಕೆಳಗೆ, ಫೋನ್ ನಂಬರಿನ ಪಕ್ಕ ಒತ್ತಿ ಕೂತಿದೆ.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಟಿಕೇಟು ಮಾಡಿ ಕೊಡುತ್ತೇನೆ.
ನಾನಿನ್ನೂ ಹಾರಿಲ್ಲ.

ಅವ್ವಮ್ಮ ಮಗಳ ಬಾಣಂತನಕ್ಕೆ ಹೊರಟವಳು.
ಪಾಸ್‌ಪೋರ್ಟಿನ ಫೋಟೋದಲ್ಲಿ
ಯಾರನ್ನೋ ಬೈಯಲು ಹೊರಟು ತಡೆದುಕೊಂಡ ಮುಖ.
"ಎಷ್ಟು ದೂರ ಐತ್ತಪ್ಪಾ, ಈ ಕಡಲು?"
ಎರಡು ಸಾವಿರದ ನಾನೂರು ಕಿಲೋಮೀಟರು, ಚಿಲ್ಲರೆ, ಅಂದೆ.
"ಕಿಲೋಮೀಟರು ಬೇಡ. ಹೊತ್ತು ಹೇಳು."

ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಿಟ್ಟರೆ
ಹತ್ತಕ್ಕೆ ಶಾರ್ಜಾ. ವಾಪಸು, ಅಲ್ಲಿ ಹನ್ನೊಂದಕ್ಕೆ ಹೊರಟರೆ
ಇಲ್ಲಿ ಸಂಜೆ ನಾಲ್ಕು.

ಬೆರಳು ಮಡಚಿದಳು. ಹೋಗಲು ಎರಡು. ಬರಲು ಐದು.
"ಕಡಲು ಅದೇ ಅಲ್ಲವಾ ಮಾರಾಯ?
ಬರುವಾಗ ಏರುದಾರಿಯಾ?"

ಪೇಪರ್‌ವೈಟು ತಿರುಗಿಸಿ ಭೂಮಿ ಎಂದೆ,
ಸ್ಟೇಪ್ಲರನ್ನು ವಿಮಾನ ಮಾಡಿದೆ,
ಅಲ್ಲಿ ಸೂರ್ಯ ಒಂದೂವರೆ ಗಂಟೆ ತಡ ಎಂದೆ.
ಅಸಲು ಮೂರೂವರೆಯೇ, ಹೋಗಲೂ ಬರಲೂ.
ಒಂದು ಸಹಿಗೆಂದು ತಿರುವನಂತಪುರಕ್ಕೆ
ಇಡೀ ರಾತ್ರಿ ರೈಲಲ್ಲಿ ಕೂರುತ್ತೇವಲ್ಲ,
ಅದರ ಮೂರರಲ್ಲೊಂದು ಪಾಲು.

ಇದು ಅವಳಿಗೆ ಅರ್ಥವಾಯಿತು.

ಅವಳ ಉಪ್ಪ ಮಂಜಿಯ ಖಲಾಸಿ. ಹಂಚು ತುಂಬಿ ಹೋದರೆ
ಖರ್ಜೂರ ತುಂಬಿ ಬರುವುದು. ಎಷ್ಟು ದೂರ ಎಂದರೆ
"ಮೂರು ಪೀಪಾಯಿ ನೀರು" ಅನ್ನುತ್ತಿದ್ದರಂತೆ,
ಗಾಳಿ ಮುನಿದ ವರ್ಷ ನಾಲ್ಕು.
ನಾಲ್ಕು ಎನ್ನುವಾಗ ದನಿ ತಗ್ಗುತ್ತಿತ್ತಂತೆ.

"ಸರಿ, ನಾನೇ ಅಳೆಯುತ್ತೇನೆ."
ಹುಟ್ಟಿದ್ದು ತಳಂಗರೆ, ಟೊಪ್ಪಿ ಹೊಲಿಯುವ ಕೈ.
ಚೀಲದಿಂದ ಅರ್ಧ ಮುಗಿದ ಬಿಳಿಯದೊಂದು ತೆಗೆದಳು.
ಒಂದು ಸುತ್ತಿಗೆ ಹೊತ್ತೆಷ್ಟು ಎಂದು
ಆ ಬೆರಳುಗಳಿಗೆ ಗೊತ್ತು, ವಾಚನ್ನು ಕೇಳಬೇಕಿಲ್ಲ.

ಎರಡು ತಿಂಗಳು ಕಳೆದು ಬಂದಳು.
ಖರ್ಜೂರದ ಪೊಟ್ಟಣ ಮೇಜಿಗಿಟ್ಟು, ನಿಂತಲ್ಲೇ ಶುರು:
"ಬಜ್ಪೆಯಲ್ಲೇ ಸೂಜಿ ತೆಗೆದಿಟ್ಟುಕೊಂಡರು.
ಅಷ್ಟು ದೊಡ್ಡ ವಿಮಾನಕ್ಕೆ
ಇಷ್ಟು ಸಣ್ಣದರ ಹೆದರಿಕೆ!"

ಮತ್ತೆ ಬರಿಗೈಯಲ್ಲೇ ಹೊಲಿದಳಂತೆ, ನೂಲಿಲ್ಲದೆ,
ತೂತಿನಿಂದ ತೂತಿಗೆ ಉಗುರಿಟ್ಟು ಎಣಿಸುತ್ತ.
ಪಕ್ಕದ ಸೀಟಿನ ಹುಡುಗ ಪ್ರಾರ್ಥನೆ ಎಂದುಕೊಂಡು
ಫೋನಿನ ಸದ್ದಿಳಿಸಿದನಂತೆ.
ಹೋಗುವಾಗ ಹನ್ನೊಂದು ಸುತ್ತು.

ಬರುವಾಗ?
ಪೆನ್ನು ಹಿಡಿದೇ ಕೇಳಿದೆ, ಬರೆದುಕೊಳ್ಳುವವನಂತೆ.

"ಬರುವಾಗ ಎಲ್ಲಿ ಎಣಿಸುವುದು? ಟೊಪ್ಪಿ ಅಲ್ಲೇ ಬಿಟ್ಟೆ.
ಪುಳ್ಳಿಯ ತಲೆಗೆ ಈಗ ಇಟ್ಟರೆ
ಗಲ್ಲದವರೆಗೂ ಇಳಿಯುತ್ತದೆ.
ಸರಿಯಾಗಲು ಏಳೆಂಟು ವರ್ಷ ಬೇಕು."

ಹೊತ್ತಾಯಿತು ಎಂದು ಕೈ ನೋಡಿಕೊಂಡಳು.
ಅವಳ ವಾಚು ಒಂದೂವರೆ ಗಂಟೆ ಹಿಂದಿತ್ತು.
ಹೇಳಲು ಬಾಯಿ ತೆರೆದವನು
ಅದಕ್ಕೊಂದು ಖರ್ಜೂರ ಹಾಕಿಕೊಂಡೆ.